"ಆದಾಯ: ಇಲ್ಲ" ಅಂತ ಟೈಪ್ ಮಾಡಿ ಮಾಡಿ ಸಾಕಾಗಿದೆ ಸ್ವಾಮಿ

ಕರ್ನಾಟಕ ಹೈಕೋರ್ಟಿನ ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳಿಗೆ, ರಾಜ್ಯದ ಕಾನೂನು ಮಂತ್ರಿಗಳಿಗೆ, ಹಾಗೇ ಓದೋಕೆ ಪುರುಸೊತ್ತಿರೋ ಎಲ್ಲರಿಗೂ,

ಮಹಾಸ್ವಾಮಿ,

ನಾನು ವಕೀಲ ಅಲ್ಲ, ಕೇಸ್ ಹಾಕಿದೋನೂ ಅಲ್ಲ, ಹಾಕಿಸ್ಕೊಂಡೋನೂ ಅಲ್ಲ. ಮಲೆನಾಡಿನ ಸೆರಗಲ್ಲಿರೋ ಒಂದು ಜಿಲ್ಲಾ ಕೇಂದ್ರದಲ್ಲಿ ಕೋರ್ಟ್ ಕಾಂಪೌಂಡ್ ಎದುರು 22 ವರ್ಷದಿಂದ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು. ಊರಿನ ಹೆಸರು ಬೇಡ, ನಾಳೆ ಬೆಳಿಗ್ಗೆ ಅದೇ ಕೋರ್ಟ್ ಮುಂದೆ ಶಟರ್ ಎತ್ತಬೇಕಲ್ಲ. ಮೊದಲು ಮೆಷಿನ್ನಲ್ಲಿ ಕಾರ್ಬನ್ ಇಟ್ಟು ಕುಟ್ತಿದ್ದೆ, ಆಮೇಲೆ ನುಡಿ ಬಂತು, ಈಗ ಎಲ್ಲಾ ಯೂನಿಕೋಡು. ಸಾಧನ ಬದಲಾಯ್ತು ಆದ್ರೆ ಜೀವನಾಂಶದ ಕೇಸಲ್ಲಿ ನಾನು ಟೈಪ್ ಮಾಡೋ ಎರಡು ಪ್ಯಾರಾ ಮಾತ್ರ ಈ 22 ವರ್ಷದಲ್ಲಿ ಬದಲಾಗಿಲ್ಲ, ಅದಕ್ಕೇ ಈ ಪತ್ರ.

ಮೊದಲನೇ ಪ್ಯಾರಾ ಹೆಂಡತಿ ಕಡೆ ಅರ್ಜಿಯಲ್ಲಿ ಬರುತ್ತೆ. "ಎದುರುದಾರರು ತಿಂಗಳಿಗೆ ಎರಡು ಲಕ್ಷಕ್ಕೂ ಮೇಲ್ಪಟ್ಟು ಆದಾಯ ಹೊಂದಿದ್ದು, ಹತ್ತು ಎಕರೆ ಅಡಿಕೆ ತೋಟವಿದ್ದು, ಬಾಡಿಗೆ ಮನೆಗಳಿದ್ದು..." ಹೀಗೆ. ಎರಡನೇದು ಗಂಡನ ತಕರಾರಲ್ಲಿ. "ಎದುರುದಾರರಿಗೆ ಯಾವುದೇ ಸ್ಥಿರ ಆದಾಯವಿಲ್ಲದೆ ಕೂಲಿ ಕೆಲಸ ಮಾಡುತ್ತಿದ್ದು, ವಯಸ್ಸಾದ ತಂದೆ ತಾಯಿಯರನ್ನು ಸಾಕುವ ಹೊಣೆ ಇದ್ದು, ಅರ್ಜಿದಾರಳು ವಿದ್ಯಾವಂತಳಾಗಿದ್ದು ಟೈಲರಿಂಗ್ ಮತ್ತು ಟ್ಯೂಷನ್‌ನಿಂದ ಮೂವತ್ತು ಸಾವಿರ ಗಳಿಸುತ್ತಿದ್ದು..." ನಿಜ ಹೇಳ್ತೀನಿ, ಇವೆರಡೂ ನನ್ನ ಕಂಪ್ಯೂಟರಲ್ಲಿ ಫೈಲ್ ಆಗಿ ಸೇವ್ ಆಗಿವೆ. ವಕೀಲರ ಗುಮಾಸ್ತ ಬಂದು "ಹಳೇದನ್ನೇ ಹಾಕಿ ಹೆಸರು ಬದಲಾಯಿಸಿ ಬಿಡಿ ಅಣ್ಣಾ" ಅಂತಾರೆ, ಬದಲಾಯಿಸ್ತೀನಿ, ಒಂದ್ಸಲ ಹೆಸರು ಬದಲಾಯಿಸೋದು ಮರೆತು ಹಾಸನದ ಯಾರದೋ ತೋಟ ಇನ್ಯಾರಿಗೋ ಬಂದುಬಿಟ್ಟಿತ್ತು, ಅದನ್ನ ಎದುರು ಕಡೆ ವಕೀಲರೂ ನೋಡಿರ್ಲಿಲ್ಲ.

ಒಂದು ಕಡೆ ಎರಡು ಲಕ್ಷ, ಇನ್ನೊಂದು ಕಡೆ ಸೊನ್ನೆ. ಜಡ್ಜ್ ಸಾಹೇಬ್ರು ಪಾಪ ಏನ್ಮಾಡ್ತಾರೆ, ದಿನಕ್ಕೆ ಅಷ್ಟೊಂದು ಕೇಸ್ ಕರೀಬೇಕು, ಎರಡೂ ನಂಬೋ ಹಾಗಿಲ್ಲ, ಕೊನೆಗೆ ಮಗುವಿಗೆ ತಿಂಗಳಿಗೆ ಮೂರೋ ನಾಲ್ಕೋ ಸಾವಿರ ಅಂತ ಒಂದು ಅಂದಾಜು. ಆ ಅಂಕಿ ಎಲ್ಲಿಂದ ಬಂತು ಅಂತ ಆರ್ಡರ್ ಕಾಪಿ ಮೊದಲಿಂದ ಕೊನೆವರೆಗೆ ಎಷ್ಟೋ ಸಲ ಹುಡುಕಿದೀನಿ, ನಾನೇ ಜೆರಾಕ್ಸ್ ಮಾಡೋದಲ್ವಾ, "ಈಗಿನ ಬೆಲೆ ಏರಿಕೆಯನ್ನು ಗಮನಿಸಿ" ಅನ್ನೋ ಒಂದು ಸಾಲು ಬಿಟ್ರೆ ಏನೂ ಸಿಗಲ್ಲ.

ಈಗ ಅಸಲು ವಿಷಯ. ನನ್ನ ಅಂಗಡಿಗೆ ಬರೀ ಕೋರ್ಟ್ ಕೆಲಸ ಬರಲ್ಲ. ಬ್ಯಾಂಕ್ ಲೋನ್ ಅರ್ಜಿ ತುಂಬಿಸ್ಕೊಳ್ಳೋರು, ಐಟಿ ರಿಟರ್ನ್ ಪ್ರಿಂಟ್ ತಗೊಳ್ಳೋರು, ಪಹಣಿ ತೆಗೆಸೋರು, ಮದುವೆ ಬಯೋಡೇಟಾ ಮಾಡಿಸೋರು, ಎಲ್ಲಾ ಇಲ್ಲೇ. ಹಾಗಾಗಿ ನಾನು ನೋಡೋ ಅಷ್ಟು ಮುಖ ನಿಮ್ಮ ಯಾವ ಕೋರ್ಟೂ ನೋಡಲ್ಲ. ಒಬ್ಬ ಮನುಷ್ಯ, ಜೆಸಿಬಿ ಇಟ್ಟಿದ್ದ, ಲೋನ್ ಅರ್ಜಿಗೆ ಆದಾಯ ಬರೆಸುವಾಗ "ತಿಂಗಳಿಗೆ 90 ಸಾವಿರ ಹಾಕಿ ಅಣ್ಣ, ಇನ್ನೂ ಜಾಸ್ತಿನೇ ಬರುತ್ತೆ, ಐಟಿಯೋರು ಕೇಳ್ತಾರೆ ಅಂತ ಕಮ್ಮಿ ಹೇಳ್ತಿದೀನಿ" ಅಂದ. ಎರಡು ತಿಂಗಳಾದ ಮೇಲೆ ಅವನೇ ಬಂದ, ಈ ಸಲ ವಕೀಲರ ಚೀಟಿ ಹಿಡ್ಕೊಂಡು, ಮಗಳ ಜೀವನಾಂಶದ ಅಫಿಡವಿಟ್ಟು. ವೃತ್ತಿ: ಕೂಲಿ. ಆದಾಯ: ಇಲ್ಲ. ಜೆಸಿಬಿ ಯಾರ್ದು? ಅಣ್ಣನದು. ನಾನು ಮುಖ ನೋಡಿದೆ, ಅವನೂ ನೋಡಿದ, ಇಬ್ಬರೂ ಏನೂ ಮಾತಾಡಲಿಲ್ಲ, ನಾನು ಟೈಪ್ ಮಾಡಿದೆ. ಪುಟಕ್ಕೆ ಇಷ್ಟು ಅಂತ ದುಡ್ಡೂ ಇಸ್ಕೊಂಡೆ. ಇದನ್ನ ಬರೀತಾ ನಂಗೇ ನಾಚಿಕೆ ಆಗ್ತಿದೆ ಆದ್ರೆ ಸುಳ್ಳು ಯಾವ ಕೀಬೋರ್ಡ್ ಮೇಲಿಂದ ಬರುತ್ತೆ ಅನ್ನೋದು ನಿಮಗೂ ಗೊತ್ತಿರ್ಲಿ.

ಇಂಥದ್ದನ್ನ ನಿಲ್ಲಿಸೋಕೆ ಕಾನೂನು ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಹಳೇ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ನು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 144, ಹೇಳೋದು ಒಂದೇ: "ಸಾಕಷ್ಟು ಸಾಧನ" ಇರೋನು ಮಗುವನ್ನ ಸಾಕಬೇಕು. ಸಾಧನ ಅಂದ್ರೆ ಕೈಲಿರೋ ದುಡ್ಡು ಮಾತ್ರ ಅಲ್ಲ, ದುಡಿಯೋ ತಾಕತ್ತೂ ಸೇರುತ್ತೆ ಅಂತ ಕೋರ್ಟುಗಳು ಹೇಳ್ತಾ ಬಂದು ಎಷ್ಟೋ ಕಾಲ ಆಯ್ತು. ಡೆಲ್ಲಿ ಹೈಕೋರ್ಟ್ 1968ರಲ್ಲೇ, ಗಟ್ಟಿಮುಟ್ಟಾಗಿರೋ ಗಂಡಸು ದುಡಿಯಬಲ್ಲ ಅಂತಲೇ ಇಟ್ಕೋಬೇಕು, ಆಗಲ್ಲ ಅನ್ನೋದಾದ್ರೆ ಅವನೇ ತೋರಿಸ್ಲಿ ಅಂತ ಹೇಳಿದೆ. ಸುಪ್ರೀಂ ಕೋರ್ಟ್ 2022ರಲ್ಲಿ, ಮೈ ಬಗ್ಗಿಸಿ ಕೂಲಿ ಮಾಡಿಯಾದ್ರೂ ಹೆಂಡತಿ ಮಕ್ಕಳನ್ನ ಸಾಕೋದು ಅವನ ಕರ್ತವ್ಯ ಅಂತ ಹೇಳಿತು. 2024ರಲ್ಲಿ ಅಲಹಾಬಾದ್ ಹೈಕೋರ್ಟ್ ಇನ್ನೂ ಬಿಡಿಸಿ, ಕೆಲಸ ಇಲ್ದಿದ್ರೂ ಕೂಲಿ ಮಾಡಿ ದಿನಕ್ಕೆ 300-400 ರೂಪಾಯಿ ದುಡೀಬಹುದಲ್ಲ ಅಂದಿತು. ಪೇಪರಲ್ಲಿ ಬಂದಾಗ ನಮ್ಮ ಅಂಗಡಿ ಬೆಂಚಿನ ಮೇಲೆ ಕೂತೋರೆಲ್ಲ ಭಲೇ ಅಂದ್ರು.

ನಾನೂ ಭಲೇ ಅಂದೆ. ಆಮೇಲೆ ಯೋಚನೆ ಬಂತು. ಕೂಲಿಯವನಿಗೆ ಆ ಲೆಕ್ಕ ಸರಿ. ನರೇಗಾದಲ್ಲೇ ನಮ್ಮ ರಾಜ್ಯದ ಕೂಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ ಇತ್ತು, ಅಡಿಕೆ ಕೊಯ್ಲಿನ ಟೈಮಲ್ಲಿ ಮರ ಹತ್ತೋನಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡ್ಬೇಕು. ಆದ್ರೆ ಈ ಕೂಲಿ ಲೆಕ್ಕ ಇರೋದು ಕೆಳಗಿನ ಮಿತಿ ಅಂತ, ಏನೂ ಇಲ್ಲ ಅನ್ನೋನಿಗೂ ಇಷ್ಟಾದ್ರೂ ಇದೆ ಅಂತ ಹೇಳೋಕೆ. ನಮ್ಮ ಕಡೆ ಅದೇ ಮೇಲಿನ ಮಿತಿ ಆಗಿ ಕೂತಿದೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೋನು ಕೋರ್ಟ್ ನೋಟಿಸ್ ಬಂದ ಮುಂದಿನ ತಿಂಗಳೇ ರಾಜೀನಾಮೆ ಕೊಟ್ಟು ಊರಿಗೆ ಬಂದು "ಈಗ ತೋಟ ನೋಡ್ಕೊಂಡಿದೀನಿ, ತೋಟ ಅಪ್ಪನ ಹೆಸರಲ್ಲಿದೆ, ಮನೇಲಿ ಊಟ ಹಾಕ್ತಾರೆ ಅಷ್ಟೇ" ಅಂದ್ರೆ ಅವನ ದುಡಿಯೋ ಶಕ್ತಿನ ಯಾವ ತಕ್ಕಡೀಲಿ ತೂಗ್ಬೇಕು? ಹತ್ತು ವರ್ಷದ ಅನುಭವ ಇರೋ ಇಂಜಿನಿಯರ್ ತಕ್ಕಡೀಲೋ, ಕಳೆ ಕೀಳೋನ ತಕ್ಕಡೀಲೋ? ಕೆಲಸ ಹೋಗಿದ್ದಾ, ಬಿಟ್ಟಿದ್ದಾ, ಬಿಟ್ಟಿದ್ದು ಯಾವತ್ತು, ನೋಟಿಸ್ ಜಾರಿಯಾಗಿದ್ದು ಯಾವತ್ತು, ಈ ನಾಲ್ಕು ಪ್ರಶ್ನೆ ಕೇಳಿದ್ರೆ ಸಾಕು ಸ್ವಾಮಿ, ಕೇಳೋರಿಲ್ಲ.

ತಾಯಿ ವಿಷಯಕ್ಕೆ ಬಂದಾಗ ಮಾತ್ರ ತಕ್ಕಡಿ ಬೇರೆ. ಅವಳ ಡಿಗ್ರಿ ಸರ್ಟಿಫಿಕೇಟ್ ತಂದು ಸಾಕ್ಷಿ ದಾಖಲೆ ಅಂತ ಮಾರ್ಕ್ ಮಾಡಿಸ್ತಾರೆ. "ನೀವು ಬಿಎಡ್ ಮಾಡಿದೀರಲ್ವಾ? ಮನೇಲಿ ಸುಮ್ನೆ ಯಾಕೆ ಕೂತಿದೀರಾ?" ಹೋದ ವರ್ಷ ಒಬ್ಬ ಹೆಣ್ಣುಮಗಳು ಕೋರ್ಟಲ್ಲಿ ಕ್ರಾಸ್ (ಎದುರು ವಕೀಲರ ಪಾಟೀಸವಾಲು) ಮುಗಿಸ್ಕೊಂಡು ನನ್ನ ಅಂಗಡಿ ಬೆಂಚಿಗೆ ಬಂದು ಕೂತಳು, ಕಂಕುಳಲ್ಲಿ ಎರಡು ವರ್ಷದ ಕೂಸು, ನೀರು ಕೇಳಿದಳು. "ಅಣ್ಣಾ, ನಾನು ಸುಮ್ನೆ ಕೂತಿದೀನಂತೆ" ಅಂತ ನಕ್ಕಳು. ಖಾಸಗಿ ಸ್ಕೂಲಲ್ಲಿ ಟೀಚರ್ ಕೆಲಸಕ್ಕೆ ಎಂಟು ಸಾವಿರ ಕೊಡ್ತೀವಿ ಅಂದಿದ್ರಂತೆ, ಕೂಸು ನೋಡ್ಕೊಳ್ಳೋರಿಗೆ ಐದು ಕೊಡ್ಬೇಕಂತೆ, ಬಸ್ಸಿಗೆ ಒಂದೂವರೆ. ಉಳಿಯೋದನ್ನ ನೀವೇ ಲೆಕ್ಕ ಹಾಕಿ.

ದುಡಿಯೋಕೆ ಸಾಧ್ಯ ಇರೋದು ಬೇರೆ, ನಿಜವಾಗಿ ದುಡೀತಿರೋದು ಬೇರೆ, ಸಾಧ್ಯ ಇದೆ ಅನ್ನೋ ಒಂದೇ ಕಾರಣಕ್ಕೆ ಜೀವನಾಂಶ ಇಳಿಸೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದಿಂದಲೇ ಹೋದ ಕೇಸಲ್ಲಿ. ಹಾಗಂತ ತಾಯಿ ಸಂಬಳ ಲೆಕ್ಕಕ್ಕೇ ಬರಬಾರದು ಅಂತ ನಾನು ಹೇಳ್ತಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮಕ್ಕಳನ್ನ ಸಾಕೋ ಹೊಣೆ ತಂದೆ ತಾಯಿ ಇಬ್ಬರ ಮೇಲೂ ಇದೆ, 2000ನೇ ಇಸವೀಲಿ ಸುಪ್ರೀಂ ಕೋರ್ಟ್ ಇಬ್ಬರೂ ನೌಕರಿಯಲ್ಲಿದ್ದ ಒಂದು ಕೇಸಲ್ಲಿ ಅವರವರ ಸಂಬಳಕ್ಕೆ ತಕ್ಕ ಹಾಗೆ 2:1 ಅಂತ ಪಾಲು ಹಾಕಿಕೊಟ್ಟಿದೆ. ಅದು ನ್ಯಾಯ, ಕೈಗೆ ಬರೋ ಸಂಬಳ ಇಬ್ಬರದೂ ಕಣ್ಣೆದುರು ಇತ್ತು. ಆದ್ರೆ ಅಪ್ಪ ಇಂಜಿನಿಯರ್ ಆಗಿದ್ರೂ ಕೂಲಿ ರೇಟಲ್ಲಿ ನೋಡಿ, ಅಮ್ಮ ಕೂಸು ಎತ್ಕೊಂಡಿದ್ರೂ ಅವಳ ಬಿಎಡ್ ಸರ್ಟಿಫಿಕೇಟ್ ರೇಟಲ್ಲಿ ನೋಡೋದು ಯಾವ ಲೆಕ್ಕ?

ಶೇಕಡಾ 25 ಅನ್ನೋದು ಈಗ ಎಲ್ಲರ ಬಾಯಲ್ಲೂ ಇದೆ. 2017ರಲ್ಲೇ ಇನ್ನೊಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಗಂಡನ ನಿವ್ವಳ ಸಂಬಳದ ಶೇ. 25 ಹೆಂಡತಿಗೆ ಸರಿಯಾದ ಮೊತ್ತ ಅಂದಿದ್ದೇ ತಗೊಂಡು ಎಲ್ಲರೂ ಅದು ಫಾರ್ಮುಲಾ ಅಂದ್ಕೊಂಡಿದಾರೆ, ಆದ್ರೆ 2020ರಲ್ಲಿ ಅದೇ ಕೋರ್ಟು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯೋಕಾಗಲ್ಲ ಅನ್ನೋ ಅರ್ಥದಲ್ಲೇ ಮಾತಾಡಿದೆ. ಇರ್ಲಿ, ಫಾರ್ಮುಲಾನೇ ಅಂತ ಇಟ್ಕೊಳೋಣ. "ಇಲ್ಲ" ಅನ್ನೋದರಲ್ಲಿ ಶೇ. 25 ಎಷ್ಟು ಸ್ವಾಮಿ?

ಸಂಬಳದೋರದ್ದಾದ್ರೆ ಸ್ಲಿಪ್ ಇರುತ್ತೆ, ಸುಲಭ ಅನ್ಕೋಬೇಡಿ. ಕೇಸ್ ಬಂದ ಮೇಲೆ ಸೊಸೈಟಿ ಸಾಲ ತಗೊಳ್ಳೋರು, ಪಿಎಫ್ ತಾವಾಗೇ ಜಾಸ್ತಿ ಕಟ್ಟಿಸ್ಕೊಳ್ಳೋರು, ಹೊಸ ಎಲ್‌ಐಸಿ ಪಾಲಿಸಿ ಮಾಡಿಸೋರು ಎಲ್ಲಾ ಇದ್ದಾರೆ, ಕೈಗೆ ಬರೋ ಸಂಬಳ ಹನ್ನೊಂದು ಸಾವಿರಕ್ಕೆ ಇಳಿಸ್ಕೊಂಡು ಸ್ಲಿಪ್ ಜೆರಾಕ್ಸ್ ಮಾಡಿಸ್ತಾರೆ. ಕಡ್ಡಾಯವಾಗಿ ಹಿಡಿಯೋದನ್ನ ಮಾತ್ರ ಕಳೀಬೇಕು, ಇವರೇ ಇಷ್ಟಪಟ್ಟು ಕಟ್ಟೋದನ್ನಲ್ಲ ಅಂತ ಎಷ್ಟೋ ತೀರ್ಪಿದೆ. ಸ್ಲಿಪ್ಪಿನ ಕೊನೇ ಸಾಲು ಬಿಟ್ಟು ಮೇಲಿನ ಸಾಲು ಓದಿದ್ರೆ ಸಾಕು.

ನಿಜವಾಗಿ ಕಷ್ಟ ಇರೋದು ತೋಟದೋರ ವಿಷಯ. ಅಡಿಕೆಗೆ ತಿಂಗಳ ಸಂಬಳ ಅಂತ ಇಲ್ಲ. ವರ್ಷಕ್ಕೊಂದು ಕೊಯ್ಲು, ಬೇಯಿಸಿ ಒಣಗಿಸಿ ಮಂಡಿಗೆ ಹಾಕಿ, ರೇಟ್ ಬರೋವರೆಗೆ ಮಂಡಿಯಲ್ಲೇ ಇಟ್ಟು, ಅದರ ಮೇಲೆ ಮುಂಗಡ ತಗೊಂಡು. ಕೊಳೆರೋಗ ಬಂದ ವರ್ಷ ಅರ್ಧ ಬೆಳೆ ನೆಲಕ್ಕೆ. ಇದನ್ನ ತಿಂಗಳಿಗೆ ಎಷ್ಟು ಅಂತ ಹೇಳೋದು ಪ್ರಾಮಾಣಿಕನಿಗೂ ಕಷ್ಟವೇ, ಸುಳ್ಳು ಹೇಳೋನಿಗೆ ಹಬ್ಬ. ಪಹಣಿಯಲ್ಲಿ ತಾತನ ಹೆಸರೇ ಇನ್ನೂ ಇರುತ್ತೆ, ಪಾಲಾಗಿ ಇಪ್ಪತ್ತು ವರ್ಷ ಆಗಿರುತ್ತೆ, ಖಾತೆ ಬದಲಾಗಿರಲ್ಲ. "ನನ್ನ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ" ಅನ್ನೋದು ಕಾಗದದ ಮೇಲೆ ಸತ್ಯ.

ಇದಕ್ಕೂ ದಾರಿ ಇದೆ ನೋಡಿ, ನಂಗೆ ಸಿಟ್ಟು ಬರೋದೇ ಅದಕ್ಕೆ. 2020ರ ನವೆಂಬರ್ 4ರಂದು ರಜನೀಶ್-ನೇಹಾ ಕೇಸಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಒಂದು ಅಫಿಡವಿಟ್ ಫಾರಂ ಮಾಡಿ ಕೊಟ್ಟಿದೆ. ಇಬ್ಬರೂ ತುಂಬಬೇಕು. ಐಟಿ ರಿಟರ್ನು, ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಹೂಡಿಕೆ, ಗಾಡಿ, ಸಾಲ, ಎದುರಿನವರ ಆದಾಯದ ಬಗ್ಗೆ ನಿಮಗೆ ಗೊತ್ತಿರೋದು, ಎಲ್ಲಾ. ಕೃಷಿಕರಿಗೆ ಬೇರೆಯೇ ಫಾರಂ ಇದೆ! ಜಮೀನು ಎಷ್ಟು, ಅದರಲ್ಲಿ ನಿಮ್ಮ ಪಾಲೆಷ್ಟು, ತರಿಯೋ ಖುಷ್ಕಿಯೋ, ಏನು ಬೆಳೆ, ಮೂರು ವರ್ಷದಲ್ಲಿ ಎಷ್ಟು ಬಂತು, ಗುತ್ತಿಗೆಗೆ ಜಮೀನು ಮಾಡ್ತಿದೀರಾ, ಹಸು ಎಮ್ಮೆ ಕೋಳಿ ಜೇನು ಎಷ್ಟು, ಅದರಿಂದ ಎಷ್ಟು, ಅಂತ ಹಳ್ಳಿ ಮನೆ ಜಗಲಿ ಮೇಲೆ ಕೂತು ಯೋಚಿಸಿದ ಹಾಗೆ ಪ್ರಶ್ನೆ ಹಾಕಿದಾರೆ. ಡೆಲ್ಲಿಯಲ್ಲಿ ಕೂತು ಜೇನುಪೆಟ್ಟಿಗೆ ನೆನಪಿಟ್ಟಿದಾರಲ್ಲ ಅಂತ ಮೊದಲ ಸಲ ಓದಿದಾಗ ಆಶ್ಚರ್ಯ ಆಯ್ತು. ಉತ್ತರದ ಜೊತೆ ನಾಲ್ಕು ವಾರದಲ್ಲಿ ಅಫಿಡವಿಟ್ ಕೊಡ್ಬೇಕು, ಎರಡಕ್ಕಿಂತ ಜಾಸ್ತಿ ಅವಕಾಶ ಇಲ್ಲ, ಮಧ್ಯಂತರ ಜೀವನಾಂಶ ನಾಲ್ಕರಿಂದ ಆರು ತಿಂಗಳಲ್ಲಿ ತೀರ್ಮಾನ ಆಗ್ಬೇಕು, ದುಡ್ಡು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಮೊದಲು ಹೇಳಿದ 144ನೇ ಸೆಕ್ಷನ್ನಲ್ಲಂತೂ ನೋಟಿಸ್ ಮುಟ್ಟಿದ 60 ದಿನದಲ್ಲಿ, ಆದಷ್ಟು ಮಟ್ಟಿಗೆ, ಅಂತಿದೆ.

ಇದನ್ನ ಪಾಲಿಸ್ತಿಲ್ಲ ಅಂತ ಸುಪ್ರೀಂ ಕೋರ್ಟೇ 2023ರ ನವೆಂಬರಲ್ಲಿ, ಒಂದು ಮಗುವಿನ ಜೀವನಾಂಶದ ಕೇಸಲ್ಲೇ, ಬೇಜಾರು ಮಾಡ್ಕೊಂಡು ಎಲ್ಲಾ ಹೈಕೋರ್ಟಿಗೂ ತೀರ್ಪನ್ನ ಮತ್ತೆ ಕಳಿಸಿಕೊಡಿ ಅಂತ ಹೇಳಿತು. ಬಂದಿರುತ್ತೆ, ಸುತ್ತೋಲೆ ಹೋಗಿರುತ್ತೆ. ನಮ್ಮ ಬೀದಿಗೆ ಬರೋವಾಗ ಹೇಗಿರುತ್ತೆ ಅಂದ್ರೆ, ಫಾರಂ ಇಂಗ್ಲಿಷಲ್ಲಿ ಬರುತ್ತೆ, ಕಕ್ಷಿದಾರನಿಗೆ ಅರ್ಥ ಆಗಲ್ಲ, ಗುಮಾಸ್ತ "ಎಲ್ಲಾ ಕಾಲಮ್ಮಿಗೂ ನಾಟ್ ಅಪ್ಲಿಕೇಬಲ್ ಹಾಕಿ" ಅಂತಾನೆ, ನಾನು ಮೊದಲ ಕಾಲಮಲ್ಲಿ ಹಾಕಿ ಕಾಪಿ ಪೇಸ್ಟ್ ಮಾಡ್ತಾ ಹೋಗ್ತೀನಿ. ತೋಟದೋನೂ ಪೇಟೆ ಫಾರಮ್ಮನ್ನೇ ಕೊಡ್ತಾನೆ, ಅದರಲ್ಲಿ ಅಡಿಕೆ ಅನ್ನೋ ಪದಕ್ಕೆ ಜಾಗವೇ ಇಲ್ಲ. ಕೃಷಿಕರ ಫಾರಂ ಇಷ್ಟು ವರ್ಷದಲ್ಲಿ ನಾನು ತುಂಬಿರೋದು ಕೈ ಬೆರಳಲ್ಲಿ ಎಣಿಸೋ ಅಷ್ಟು. ಬ್ಯಾಂಕ್ ಸ್ಟೇಟ್‌ಮೆಂಟ್ ಬದಲು ನಾಡಕಚೇರಿ ಆದಾಯ ಪ್ರಮಾಣಪತ್ರ ಲಗತ್ತಿಸ್ತಾರೆ, ಅದರಲ್ಲಿ ಎಷ್ಟು ಬರೆಸಿರ್ತಾರೆ ಅಂತ ಕರ್ನಾಟಕದಲ್ಲಿ ರೇಷನ್ ಕಾರ್ಡ್ ನೋಡಿರೋ ಯಾರಿಗೂ ಹೇಳಬೇಕಾಗಿಲ್ಲ.

ಇನ್ನೊಂದು ಕಡೆ ಮಾತೂ ಹೇಳ್ಬೇಕು, ಇಲ್ದಿದ್ರೆ ನಾನೂ ಒಂದು ಕಡೆ ವಕೀಲನೇ ಆಗೋಗ್ತೀನಿ. ಆಟೋ ಓಡಿಸ್ತಿದ್ದ ಒಬ್ಬರಿಗೆ ಆಕ್ಸಿಡೆಂಟಲ್ಲಿ ಸೊಂಟ ಹೋಯ್ತು, ರಾಡ್ ಹಾಕಿದಾರೆ, ಕೂತ್ರೆ ಏಳೋಕಾಗಲ್ಲ. ಅವರ ಮೇಲಿನ ಅರ್ಜಿಗೂ ಅದೇ ಎರಡು ಲಕ್ಷದ ಪ್ಯಾರಾನೇ ಹೋಗಿತ್ತು, ನನ್ನ ಕಂಪ್ಯೂಟರಿಂದಲೇ. ಗಟ್ಟಿಮುಟ್ಟು ಗಂಡಸು ಅನ್ನೋ ಮಾತಲ್ಲೇ ಆರ್ಡರ್ ಆಯ್ತು. ಬಾಕಿ ಬೆಳೀತಾ ಹೋಯ್ತು, ಬಾಕಿ ವಸೂಲಿ ಮಾಡೋ ಎಫ್‌ಎಲ್‌ಡಬ್ಲ್ಯೂ ವಾರಂಟ್ ಬಂತು. ಕಟ್ಟದಿದ್ರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು, ಜೈಲಿಗೆ ಹೋಗಿ ಬಂದ್ರೂ ಬಾಕಿ ತೀರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿಬಿಟ್ಟಿದೆ. ಜೆಸಿಬಿಯೋನಿಗೆ ಅದು ಸರಿಯಾದ ಮದ್ದು. ಈ ಮನುಷ್ಯನನ್ನ ಒಳಗೆ ಹಾಕಿದ್ರೆ ಮಗುವಿಗೆ ಏನು ಸಿಗುತ್ತೆ? ಅವರು ಡಾಕ್ಟರ್ ಸರ್ಟಿಫಿಕೇಟ್ ಹಿಡ್ಕೊಂಡು ಬಂದಾಗ "ಇದನ್ನ ಮೊದಲೇ ಹಾಕ್ಬೇಕಿತ್ತಲ್ಲ ಸಾರ್" ಅಂದೆ. "ನಂಗೆ ಯಾರು ಹೇಳಿದ್ರು ಮಾರಾಯ್ರೆ, ಎಲ್ಲಾ ಇಲ್ಲ ಇಲ್ಲ ಅಂತ ಬರೀರಿ ಅಂದ್ರು, ಬರೆಸ್ದೆ" ಅಂದ್ರು. ಸುಳ್ಳಿನ "ಇಲ್ಲ"ಗಳ ರಾಶಿಯಲ್ಲಿ ಅವರ ನಿಜವಾದ "ಇಲ್ಲ" ಯಾರಿಗೂ ಕಾಣಿಸಲೇ ಇಲ್ಲ.

ಅದಕ್ಕೆ ಮಹಾಸ್ವಾಮಿ, ಹೊಸ ಕಾನೂನು ಏನೂ ಬೇಡ, ಇರೋದರಲ್ಲೇ ಸ್ವಲ್ಪ. ಫಾರಂ ಕನ್ನಡದಲ್ಲಿ, ಪೇಟೆಯೋರದ್ದು ಬೇರೆ ತೋಟದೋರದ್ದು ಬೇರೆ, ಪ್ರತಿ ಫ್ಯಾಮಿಲಿ ಕೋರ್ಟ್ ಆಫೀಸಲ್ಲೇ ಸಿಗೋ ಹಾಗೆ ಮಾಡಿ, ನನ್ನಂಥೋರ ಅಂಗಡಿಗೆ ಬಿಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್‌ಗಳಿದ್ದಾರೆ, ಅವರನ್ನ ತುಂಬಿಸೋಕೆ ಕೂರಿಸಿ. "ಇಲ್ಲ" ಅಂತ ಬರೆದೋನು ಕಳೆದ ಮೂರು ವರ್ಷ ಏನು ಮಾಡ್ತಿದ್ದ, ಯಾವತ್ತು ಬಿಟ್ಟ, ಏನು ಓದಿದಾನೆ, ಯಾವ ಕೆಲಸ ಗೊತ್ತು ಅಂತ ಅದರಲ್ಲೇ ಬರೆಯೋ ಹಾಗಿರ್ಲಿ, ಬರೀದಿದ್ರೆ ವಾಪಸ್ ಕೊಡಿ, ಆಗಲ್ಲ ಅನ್ನೋನು ಡಾಕ್ಟರ್ ಕಾಗದ ಮೊದಲ ದಿನವೇ ಇಡ್ಲಿ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 14ನೇ ಸೆಕ್ಷನ್ನಲ್ಲಿ ಸಾಕ್ಷ್ಯ ಕಾಯ್ದೆಯ ಕಟ್ಟುಪಾಡು ಬಿಟ್ಟು ಉಪಯೋಗ ಆಗೋ ಯಾವ ದಾಖಲೆ ಬೇಕಾದ್ರೂ ನೋಡಬಹುದು ಅಂತ ನಿಮಗೆ ಅಧಿಕಾರ ಇದೆ. ಹಾಗಾದ್ರೆ ಲೋನ್ ಅರ್ಜಿ ತರಿಸಿ. ಮಂಡಿ ಲೆಕ್ಕ ತರಿಸಿ. ಎರಡನೇ ಮದುವೆಗೆ ಮಾಡಿಸಿದ ಬಯೋಡೇಟಾ ತರಿಸಿ, ಅದರಷ್ಟು ಪ್ರಾಮಾಣಿಕವಾಗಿ ಗಂಡಸರು ತಮ್ಮ ಆದಾಯ ಇನ್ನೆಲ್ಲೂ ಬರೆಸಲ್ಲ, ಸ್ವಲ್ಪ ಜಾಸ್ತಿನೇ ಬರೆಸ್ತಾರೆ.

ಮತ್ತೆ ಆರ್ಡರಲ್ಲಿ ಮಗುವಿನ ಮೊತ್ತ ಬೇರೆ, ಹೆಂಡತಿ ಮೊತ್ತ ಬೇರೆ ಬರೀರಿ. ಎರಡೂ ಸೇರಿಸಿ ಒಂದು ಅಂಕಿ ಕೊಟ್ರೆ, ನಾಳೆ ತಾಯಿಗೆ ಕೆಲಸ ಸಿಕ್ಕಿತು ಅಂತ ಇಡೀದಕ್ಕೇ ಕತ್ತರಿ ಹಾಕೋಕೆ ಅರ್ಜಿ ಬರುತ್ತೆ. ಆ ಅಂಕಿ ಹೇಗೆ ಬಂತು ಅಂತ ಒಂದು ಪ್ಯಾರಾ ಬರೀರಿ. ಇವನ ದುಡಿಯೋ ಶಕ್ತಿ ಇಷ್ಟು ಅಂತ ಹಿಡಿದಿದೀವಿ, ಯಾಕೆ ಅಂದ್ರೆ ಇದು, ಅಂತ. ತಪ್ಪಿದ್ರೆ ಕೇಸ್ ಮೇಲೆ ಹೋದಾಗ ಹೈಕೋರ್ಟಿಗೂ ತಿದ್ದೋಕೆ ಏನಾದ್ರೂ ಸಿಗಬೇಕಲ್ಲ. ಹಿಂದೆ ಎಲ್ಲಾ ಸೇರಿ 500 ರೂಪಾಯಿ ಅನ್ನೋ ಮಿತಿ ಕಾನೂನಲ್ಲೇ ಇತ್ತು, 2001ರಲ್ಲಿ ತೆಗೆದ್ರು. ನಾನು ಅಂಗಡಿ ಹಾಕಿದ ಹೊಸದರಲ್ಲಿ ವಕೀಲರೆಲ್ಲ ಅದೊಂದು ದೊಡ್ಡ ವಿಷಯ ಅಂತ ಮಾತಾಡ್ತಿದ್ರು, ಈಗ ಮೇಲಿನ ಮಿತಿ ಇಲ್ಲ, ಮಕ್ಕಳಿಗೆ ಒಳ್ಳೇದಾಗುತ್ತೆ ಅಂತ.

ಕೃಷಿಕರ ಫಾರಮ್ಮನ್ನ ನಾನೇ ಕನ್ನಡಕ್ಕೆ ಮಾಡಿ ಟೈಪ್ ಮಾಡಿದೀನಿ, ಎರಡು ಪುಟ ಆಗಿದೆ, ಈ ಪತ್ರದ ಜೊತೆ ಇಟ್ಟಿದೀನಿ. ಕಾನೂನು ಭಾಷೆ ನಂಗೆ ಪೂರ್ತಿ ಬರಲ್ಲ, ತಪ್ಪಿರೋ ಕಡೆ ತಿದ್ದಿ ಕಳಿಸಿದ್ರೆ ನಮ್ಮ ಬೀದಿಯ ಉಳಿದ ಮೂರು ಅಂಗಡಿಯೋರಿಗೂ ಕೊಡ್ತೀನಿ, ದುಡ್ಡು ತಗೊಳಲ್ಲ. ಆ ಎರಡು ಪ್ಯಾರಾದ ಫೈಲನ್ನ ನಿನ್ನೆ ರಾತ್ರಿ ಡಿಲೀಟ್ ಮಾಡಿದೆ. ಬೆಳಿಗ್ಗೆ ಹತ್ತಕ್ಕೆ ಒಬ್ಬ ಗುಮಾಸ್ತ ಬಂದು ಕೇಳ್ದ, ಇಲ್ಲ ಅಂದೆ, "ಪರ್ವಾಗಿಲ್ಲ ಅಣ್ಣಾ, ನನ್ನ ಪೆನ್‌ಡ್ರೈವಲ್ಲಿದೆ" ಅಂದ.

ಇಂತಿ ತಮ್ಮ ವಿಧೇಯ,
ಕೋರ್ಟ್ ಎದುರಿನ ಟೈಪಿಸ್ಟ್